ಡೇ ಕೇರ್‌ಗೆ ಸೇರಿಸಿದ ಮಗಳು ದಿನಾ ಗೇಟಿನಲ್ಲಿ ಅಳುತ್ತಾಳೆ. ಎಷ್ಟು ದಿನಕ್ಕೆ ಹೊಂದಿಕೊಳ್ಳುತ್ತಾಳೆ? ಇಲ್ಲಾ ಬಿಡಿಸಿಬಿಡಲಾ?

ಅಕ್ಕಾ, ನಿಮ್ಮ ಮಗಳಿಗೆ 20 ವರ್ಷ, ಬುದ್ಧಿಮಾಂದ್ಯತೆ ಇದೆ, ಚಿಂತಾಮಣಿ ಹತ್ತಿರದ ಹಳ್ಳಿಯಿಂದ ಕರೆದುಕೊಂಡು ಹೋಗಿ ಬಿಡುತ್ತೀರಿ. "ಕಣ್ತಪ್ಪಿಸಿ ಹೋಗಿಬಿಡಿ, ಆಮೇಲೆ ತಾನೇ ಸರಿಹೋಗ್ತಾಳೆ" ಅಂತ ಅಲ್ಲಿಯವರು ಹೇಳುತ್ತಾರೆ ಅಂತ ಬರೆದಿದ್ದೀರಿ. ನಮಗೂ ಇದೇ ಮಾತು ಹೇಳಿದ್ದರು. ನಾವೂ ಆ ಮಾತು ನಂಬಿ ಹಾಗೇ ಮಾಡಿದೆವು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ. ರೇಷ್ಮೆ ಬೆಳೆಯುವ ಮನೆ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ. ಬರುವ ಮಾತು ನಾಲ್ಕೈದು ಪದ, ಅದೂ ಮನೆಯ ತೆಲುಗಿನಲ್ಲಿ. ಚಿಕ್ಕವನಿದ್ದಾಗಿನಿಂದ ಫಿಟ್ಸ್‌ಗೆ ಮಾತ್ರೆ ನುಂಗುತ್ತಾನೆ. ಸ್ಪೆಷಲ್ ಸ್ಕೂಲಿಗೆ ಹೋಗುತ್ತಿದ್ದ, 18 ತುಂಬಿದ ಮೇಲೆ ಅದೂ ನಿಂತಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣ ಇರುವುದೇ 6ರಿಂದ 18 ವರ್ಷದವರೆಗೆ. ಆಮೇಲಿನದ್ದು ಮನೆಯವರ ತಲೆನೋವು. ಐದು ವರ್ಷ ಅವನು ಅಮ್ಮನ ಹಿಂದೆಯೇ ಓಡಾಡಿಕೊಂಡಿದ್ದ.

ಅಮ್ಮನಿಗೆ ಸೊಂಟ ಹಿಡಿದುಕೊಂಡ ಮೇಲೆ ಕಷ್ಟ ಶುರುವಾಯಿತು. ರೇಷ್ಮೆ ಮನೆಯವರಿಗೆ ಗೊತ್ತು, ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳು ಹಗಲೂ ರಾತ್ರಿ ಸೊಪ್ಪು ಕೇಳುತ್ತದೆ. ಆ ವಾರ ಅವನನ್ನು ನೋಡಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಅಂಗವಿಕಲರ ಕೆಲಸ ನೋಡಿಕೊಳ್ಳುವ ಪುನರ್ವಸತಿ ಕಾರ್ಯಕರ್ತರು, ಡೇ ಕೇರ್‌ಗಳ ವಿಷಯ ಹೇಳಿದರು. ಎರಡು ಕಡೆ ವಿಚಾರಿಸಿದೆವು. ಒಂದು ಕಡೆ ಫಿಟ್ಸ್ ಅಂದ ಕೂಡಲೇ "ನಮ್ಮಲ್ಲಿ ನರ್ಸ್ ಇಲ್ಲ" ಅಂದರು. ಇನ್ನೊಂದು ಕಡೆ "ಬಾತ್‌ರೂಮಿಗೆ ತಾನೇ ಹೋಗ್ತಾನಾ?" ಅಂತ ಕೇಳಿದರು. "ಸ್ವಲ್ಪ ನೋಡ್ಕೋಬೇಕು" ಅಂದೆವು. ಸೀಟ್ ಇಲ್ಲ ಅಂದುಬಿಟ್ಟರು.

ಮೂರನೆಯದು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿಯ ಅರ್ಜಿಯಲ್ಲಿ ಸ್ವಭಾವ, ಕಾಯಿಲೆ, ಶೌಚದ ಅಭ್ಯಾಸ ಅಂತ ಜಾಗ ಬಿಟ್ಟಿದ್ದರು. ನಾನೇ ಕೂತು ತುಂಬಿದೆ. "ಶಾಂತ ಸ್ವಭಾವ. ಬೇರೆ ಸಮಸ್ಯೆ ಇಲ್ಲ. ಎಲ್ಲಾ ತಾನೇ ಮಾಡಿಕೊಳ್ಳುತ್ತಾನೆ."

ನಮ್ಮನ್ನು ಹಾಳು ಮಾಡಿದ್ದು ಈ ಮೂರು ಸಾಲು. ಅದು ಹೇಗೆ ಅಂತ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ. ಮದುವೆಗೆ ಹೆಣ್ಣು ತೋರಿಸುವಾಗ ಮಾಡುವ ಹಾಗೆ, ಒಳ್ಳೆಯದನ್ನಷ್ಟೇ ಮುಂದಿಟ್ಟೆವು. ಸೀಟು ಸಿಕ್ಕಿತು. ಆದರೆ ಅವರ ಕೈಗೆ ನಾವು ಒಪ್ಪಿಸಿದ್ದು ಯಾರನ್ನು ಅನ್ನುವುದು ಅವರಿಗೆ ಗೊತ್ತೇ ಆಗಲಿಲ್ಲ.

ತಮ್ಮ ಬಾತ್‌ರೂಮಿಗೆ ಹೋಗಬೇಕಾದರೆ ಬಲಗೈ ಮುಷ್ಟಿ ಮಾಡಿ ಕಿವಿಗೆ ಒತ್ತಿಕೊಳ್ಳುತ್ತಾನೆ. ಕಾಲು ಅಲ್ಲಾಡಿಸುತ್ತಾನೆ. ನಮ್ಮ ಮನೆಯಲ್ಲಿ ಅದು ಮಾತಿಗೆ ಸಮ. ಯಾರು ಹತ್ತಿರ ಇದ್ದರೂ ಎದ್ದು ಕರೆದುಕೊಂಡು ಹೋಗಿ ಪ್ಯಾಂಟಿನ ಹುಕ್ ಬಿಚ್ಚುತ್ತೇವೆ, ಮಿಕ್ಕಿದ್ದು ಅವನೇ ನೋಡಿಕೊಳ್ಳುತ್ತಾನೆ. ಬಾಗಿಲು ಮಾತ್ರ ಪೂರ್ತಿ ಹಾಕಬಾರದು, ಹೆದರುತ್ತಾನೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿರುವುದರಿಂದ ಇದನ್ನು ಬೇರೆಯವರಿಗೆ ಹೇಳಿಕೊಡಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. ಸೀಟು ತಪ್ಪುವ ಭಯ ಅಷ್ಟಿತ್ತು.

ಅಲ್ಲಿ ಅವನು ಮುಷ್ಟಿ ಕಿವಿಗೆ ಇಟ್ಟರೆ "ಕೈ ಕೆಳಗೆ" ಅನ್ನುತ್ತಿದ್ದರು. ಕೆಟ್ಟ ಅಭ್ಯಾಸ, ಬಿಡಿಸಬೇಕು ಅಂದುಕೊಂಡಿದ್ದರು. ಅವರದ್ದು ಕೆಟ್ಟ ಮನಸ್ಸಲ್ಲ, ತಾನೇ ಹೋಗುತ್ತಾನೆ ಅಂತ ನಾವೇ ಬರೆದುಕೊಟ್ಟಿದ್ದೆವಲ್ಲ. ಅವನು ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡ. ಎಲ್ಲರ ಮುಂದೆ. "ಇಷ್ಟು ದೊಡ್ಡವನಾಗಿ..." ಅಂತ ಯಾರೋ ಗದರಿದರು. ಮಾತು ಬರದವರಿಗೆ ನಾಚಿಕೆಯೂ ಆಗಲ್ಲ ಅಂತ ಜನ ಅಂದುಕೊಂಡಿರುತ್ತಾರೆ. ಆ ದಿನ ಮನೆಗೆ ಬಂದವನು ತಲೆ ಎತ್ತಲಿಲ್ಲ. ಅವನಿಗೆ ಇಷ್ಟವಾದ ಮುದ್ದೆ ಸಾರನ್ನೂ ಮುಟ್ಟಲಿಲ್ಲ.

ಸ್ವಲ್ಪ ದಿನಕ್ಕೆ ಗೇಟಿನ ಅಳು ನಿಂತಿತು. "ನೋಡಿ, ಸೆಟ್ ಆಗಿದಾನೆ" ಅಂದರು. ನಾವೂ ನಂಬಿದೆವು. ಮೊದಲು ಅನುಮಾನ ಬಂದದ್ದು ಅಮ್ಮನಿಗೆ, ನೀರಿನ ಬಾಟಲಿಯಿಂದ. ಸಂಜೆ ಬ್ಯಾಗಿನಿಂದ ತೆಗೆದರೆ ಬೆಳಿಗ್ಗೆ ತುಂಬಿಸಿದಷ್ಟೇ ಭಾರ ಇರುತ್ತಿತ್ತು. ಅಲ್ಲಿಯ ನೀರು ಕುಡಿಯುತ್ತಾನೇನೋ ಅಂದುಕೊಂಡೆವು. ಇಲ್ಲ. ಬಾತ್‌ರೂಮಿಗೆ ಹೋಗುವ ಪ್ರಸಂಗವೇ ಬರಬಾರದು ಅಂತ ಅವನು ಬೆಳಿಗ್ಗೆಯಿಂದ ಸಂಜೆವರೆಗೆ ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ನಾವು ಬುದ್ಧಿ ಇಲ್ಲ ಅನ್ನುವ ಹುಡುಗ ಅಷ್ಟು ಯೋಚನೆ ಮಾಡಿದ್ದ. ಆಮೇಲೆ ಮೂತ್ರದ ಸೋಂಕು, ಜ್ವರ. ಜ್ವರ ಏರಿದ ರಾತ್ರಿ ಎಷ್ಟೋ ವರ್ಷದಿಂದ ಬರದೆ ಇದ್ದ ಫಿಟ್ಸ್ ಮತ್ತೆ ಬಂತು.

ಅಲ್ಲಿಗೆ ಬಿಡಿಸಿದೆವು. ಅವನು ಮೊದಲಿನ ಹಾಗೆ ಆಗಲು ತಿಂಗಳುಗಟ್ಟಲೆ ಹಿಡಿಯಿತು. ಆ ಬ್ಯಾಗ್ ಕಂಡರೆ ಹುಳು ಮನೆಗೆ ಓಡಿ, ಒರಗಿಸಿಟ್ಟ ಚಂದ್ರಿಕೆಗಳ (ಹುಳು ಗೂಡು ಕಟ್ಟುವ ದೊಡ್ಡ ತಟ್ಟೆಗಳ) ಹಿಂದೆ ಕೂತುಬಿಡುತ್ತಿದ್ದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಎಷ್ಟು ದಿನಕ್ಕೆ ಹೊಂದಿಕೊಳ್ಳುತ್ತಾಳೆ" ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ ಅಕ್ಕಾ. ನಿಮ್ಮ ಮಗಳ ಬಗ್ಗೆ ಅವರಿಗೆ ಎಷ್ಟು ಗೊತ್ತು ಅಂತ ಕೇಳಿಕೊಳ್ಳಿ. ಹಸಿವಾದರೆ ಏನು ಮಾಡುತ್ತಾಳೆ, ಹೊಟ್ಟೆ ನೋವಾದರೆ ಹೇಗೆ ಕೂರುತ್ತಾಳೆ, ಯಾವ ಸದ್ದಿಗೆ ಬೆಚ್ಚುತ್ತಾಳೆ, ಇದೆಲ್ಲ ಅಲ್ಲಿ ಒಬ್ಬರಿಗಾದರೂ ಗೊತ್ತಾ? ಗೊತ್ತಿಲ್ಲ ಅಂದರೆ ಅವಳ ಅಳು ಸರಿಯಾಗಿಯೇ ಇದೆ. ಅಳು ನಿಂತರೆ ಖುಷಿಪಡಬೇಡಿ. ಬಾಟಲಿ ನೋಡಿ, ಡಬ್ಬಿ ನೋಡಿ, ರಾತ್ರಿ ನಿದ್ದೆ ನೋಡಿ.

ಎರಡನೇ ಸಲ ಅದೇ ಜಾಗಕ್ಕೇ ಸೇರಿಸಿದೆವು. ಬೇರೆ ಜಾಗ ಇರಲಿಲ್ಲ ಅನ್ನುವುದೂ ನಿಜ. ಆದರೆ ಅಷ್ಟರಲ್ಲಿ ಅಲ್ಲಿಗೆ ಹೊಸದಾಗಿ ಒಬ್ಬರು ಮೇಡಂ ಬಂದಿದ್ದರು. ನಾವು ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆವು. ಅವರು ಬೈಯಲಿಲ್ಲ, "ನಿಮ್ಮ ಮನೆಗೆ ಬಂದು ನೋಡ್ತೀನಿ" ಅಂದರು. ಬಂದಾಗ ಗೂಡು ಬಿಡಿಸುತ್ತಿದ್ದೆವು. ತಮ್ಮ ಚಂದ್ರಿಕೆ ಮುಂದೆ ಕೂತು ಒಂದೊಂದೇ ಗೂಡು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದ. ಕಲೆ ಬಿದ್ದದ್ದು ಒಂದು ಕಡೆ. ಎರಡು ಹುಳು ಸೇರಿ ಕಟ್ಟಿದ ದಪ್ಪ ಗೂಡು ಇನ್ನೊಂದು ಕಡೆ. ಮೆತ್ತಗಿರುವುದನ್ನು ಬೆರಳಲ್ಲಿ ಒತ್ತಿ ನೋಡಿ ಬೇರೆ ಇಡುತ್ತಿದ್ದ. ಇದನ್ನು ಅವನಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಮೇಡಂ ಸುಮ್ನೆ ಪಕ್ಕದಲ್ಲಿ ಕೂತು ನೋಡಿದರು. "ನಾವು ಇವನಿಗೆ ಮಣಿ ಪೋಣಿಸೋಕೆ ಕೊಟ್ಟಿದ್ವಿ" ಅಂದರು. ಪ್ಲಾಸ್ಟಿಕ್ ಮಣಿ, ಎಲ್‌ಕೆಜಿ ಮಕ್ಕಳಿಗೆ ಕೊಡುವಂಥದ್ದು.

ಇದನ್ನು ನಿಮ್ಮ ಡೇ ಕೇರ್‌ನವರಿಗೂ ಹೇಳಿ. ನಿಮ್ಮ ಮಗಳು 20 ವರ್ಷದ ಹೆಣ್ಣು ಮಗಳು. ಮನೆಯಲ್ಲಿ ಸೊಪ್ಪು ಬಿಡಿಸುತ್ತಾಳಾ, ಹೂ ಕಟ್ಟುವಾಗ ದಾರ ಹಿಡಿಯುತ್ತಾಳಾ, ಬಟ್ಟೆ ಮಡಿಸುತ್ತಾಳಾ? ಕೈಗೆ ಪರಿಚಯ ಇರುವ ಕೆಲಸ ಅಲ್ಲಿಯೂ ಸಿಗಲಿ. ತಮ್ಮನಿಗೆ ದೀಪದ ಬತ್ತಿ ಆರಿಸಿ ಕಟ್ಟು ಮಾಡುವ ಕೆಲಸ ಕೊಟ್ಟರು. ಉದ್ದ ಒಂದು ಕಡೆ, ಗಿಡ್ಡ ಒಂದು ಕಡೆ. ಅವನು ಅಲ್ಲಿ ಕೂರಲು ಶುರು ಮಾಡಿದ್ದೇ ಆ ಬತ್ತಿಗಳಿಂದ.

ಕಣ್ತಪ್ಪಿಸಿ ಮಾತ್ರ ಬರಬೇಡಿ. ಒಂದೇ ಒಂದು ದಿನವೂ ಬೇಡ. ಹಾಗೆ ಬಂದರೆ ಅವಳು ದಿನವಿಡೀ ಗೇಟನ್ನೇ ಕಾಯುತ್ತಾಳೆ. ಮನೆಯಲ್ಲೂ ನಿಮ್ಮನ್ನು ಬಚ್ಚಲಿಗೂ ಒಬ್ಬರನ್ನೇ ಬಿಡಲ್ಲ. ನಾವು ಅನುಭವಿಸಿದ್ದೇವೆ. ಅತ್ತರೆ ಅಳಲಿ, ಮುಖ ನೋಡಿ ಹೇಳಿ ಬನ್ನಿ. ಗಡಿಯಾರ ಗೊತ್ತಿಲ್ಲದವರಿಗೆ ಮೂರು ಗಂಟೆಗೆ ಬರ್ತೀನಿ ಅಂದರೆ ಏನೂ ಅರ್ಥ ಆಗಲ್ಲ. "ಊಟ ಆದ್ಮೇಲೆ, ತಟ್ಟೆ ತೊಳೆದ ಮೇಲೆ ಅಮ್ಮ ಬರ್ತೀನಿ" ಅಂತ ಹೇಳಿ. ಮೊದಲ ದಿನಗಳಲ್ಲಿ ತಟ್ಟೆ ತೊಳೆಯುವ ಹೊತ್ತಿಗೆ ನಿಜವಾಗಿಯೂ ಬಾಗಿಲಲ್ಲಿ ನಿಂತಿರಿ. ಬಸ್ ಲೇಟ್ ಆಗುತ್ತೆ ಅನ್ನಿಸಿದರೆ ಹಿಂದಿನ ಬಸ್ಸಿಗೇ ಹೊರಡಿ. ಪೂರ್ತಿ ದಿನ ಬಿಡುವುದು ಆಮೇಲೆ. ಬುದ್ಧಿಮಾಂದ್ಯತೆಯಂಥ ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಇದೆ. ಅದರ ವಿಕಾಸ್ ಅನ್ನುವ ಡೇ ಕೇರ್ ಯೋಜನೆಯಲ್ಲಿ (ಈಗ ಅದು ದಿಶಾ ಯೋಜನೆಯ ಜೊತೆ ಸೇರಿದೆ) 10 ವರ್ಷ ಮೇಲ್ಪಟ್ಟವರನ್ನು ದಿನಕ್ಕೆ ಕನಿಷ್ಠ 6 ಗಂಟೆ ನೋಡಿಕೊಳ್ಳಬೇಕು ಅಂತಿತ್ತು. ಅದು ಕೇಂದ್ರ ತೆರೆದಿರಬೇಕಾದ ಹೊತ್ತು. ಮೊದಲ ವಾರದಿಂದಲೇ ಅಷ್ಟೂ ಹೊತ್ತು ನಿಮ್ಮ ಮಗಳು ಕೂರಲೇಬೇಕು ಅಂತ ಅದರ ಅರ್ಥ ಅಲ್ಲ.

ಒಂದು ನೋಟ್‌ಬುಕ್ ಮಾಡಿ. ನಾವು 80 ಪುಟದ್ದು ತಂದು ಅದರಲ್ಲಿ ತಮ್ಮ ಹೇಗೆ ಅಂತ ಬರೆದೆವು. ಮುಷ್ಟಿ ಕಿವಿಗೆ ಇಟ್ಟರೆ ಏನು, ಬಾಗಿಲ ಚಿಲಕ ಹಾಕಬಾರದು, ಕುಕ್ಕರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ನೀರಿಗೆ ಯಾವ ಪದ ಹೇಳುತ್ತಾನೆ, ಎಲ್ಲಾ. ಬರೆದು ಕೊಟ್ಟರೆ ಸಾಲದು. ನೀವೋ ಮನೆಯವರು ಇನ್ನೊಬ್ಬರೋ ಸ್ವಲ್ಪ ದಿನ ಒಳಗೆ ಅವಳ ಪಕ್ಕದಲ್ಲೇ ಕೂತು, ಆಯಾ ಅವರ ಎದುರಿಗೇ ಮಾಡಿ ತೋರಿಸಿ. ಆಮೇಲೆ ಅವರು ಮಾಡಲಿ, ನೀವು ನೋಡಿ. ಆಮೇಲೆ ನೀವು ವರಾಂಡಕ್ಕೆ ಬನ್ನಿ.

ಫಿಟ್ಸ್ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ನಮ್ಮ ಕಡೆ ಈಗಲೂ ಕೈಗೆ ಬೀಗದ ಕೈ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಅದ್ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಕೈಕಾಲು ಒತ್ತಿ ಹಿಡಿಯಬಾರದು, ಟೈಮ್ ನೋಡಿಕೊಳ್ಳಬೇಕು. 5 ನಿಮಿಷ ಆದರೂ ನಿಲ್ಲದಿದ್ದರೆ ಆಸ್ಪತ್ರೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಗೋಡೆಗೆ ಅಂಟಿಸಿ.

ನಿಮ್ಮದು ಹೆಣ್ಣು ಮಗು, ಅದಕ್ಕೆ ಇನ್ನೊಂದು. ತಮ್ಮನ ಜೊತೆ ಬರುವ ಒಬ್ಬ ಹುಡುಗಿಯ ತಾಯಿ ನನಗೆ ಹೇಳಿದ್ದು. ತಿಂಗಳ ಆ ದಿನಗಳಲ್ಲಿ ಪ್ಯಾಡ್ ಯಾರು ಬದಲಾಯಿಸುತ್ತಾರೆ ಅಂತ ಹೆಸರು ಹಿಡಿದು ಕೇಳಿ. ಹೆಂಗಸರೇ ಆಗಿರಬೇಕು, ಅವರು ರಜಾ ಹಾಕಿದ ದಿನ ಯಾರು ಅನ್ನುವುದೂ ಗೊತ್ತಿರಬೇಕು. ಕೇಳಲು ಸಂಕೋಚ ಬೇಡ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಜಾಗ ನಿಮಗೆ ಬೇಡವೇ ಬೇಡ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಲ್ಲ ಅಂದರೆ ಮೊದಲು ಮಾಡಿಸಿ, ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್‌ಗೂ ಅದು ಬೇಕು. ಬುದ್ಧಿಮಾಂದ್ಯತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅಂತ ಆರೋಗ್ಯ ವಿಮೆ ಇದೆ, 1 ಲಕ್ಷದವರೆಗೆ. 18 ದಾಟಿದ ಮೇಲೆ ಅಪ್ಪ ಅಮ್ಮ ಕೂಡ ಕಾನೂನಿನ ಲೆಕ್ಕದಲ್ಲಿ ತಾನಾಗೇ ಪೋಷಕರಲ್ಲ. ಡಿಸಿ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಆದೇಶ ತೆಗೆದುಕೊಳ್ಳಬೇಕು. ಬ್ಯಾಂಕು, ಆಸ್ತಿ ವಿಷಯ ಬಂದಾಗ ಇದು ಬೇಕಾಗುತ್ತದೆ.

ಬಿಡಿಸಬೇಕಾ ಬೇಡವಾ? ಅಳುತ್ತಾಳೆ ಅನ್ನುವ ಕಾರಣಕ್ಕೆ ಬಿಡಿಸಬೇಡಿ. ಮನೆಯಲ್ಲೇ ಇಟ್ಟುಕೊಂಡರೆ ಅವಳ ಪ್ರಪಂಚದಲ್ಲಿ ನೀವೊಬ್ಬರೇ ಇರುತ್ತೀರಿ. ನಿಮಗೆ ಹುಷಾರು ತಪ್ಪಿದ ದಿನ ಅವಳಿಗೆ ಯಾರೂ ಇರಲ್ಲ. ತಮ್ಮ ಈಗ ಸೋಮವಾರ ಬೆಳಿಗ್ಗೆ ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಕೆಲವು ದಿನ ಹೋಗಲ್ಲ ಅಂತ ಹಟ ಮಾಡುತ್ತಾನೆ, ಅದೂ ಇದೆ. ನಮಗೂ ಕೆಲಸಕ್ಕೆ ಹೋಗೋಕೆ ಬೇಜಾರಾಗುವ ದಿನ ಇರುತ್ತಲ್ವಾ.

ನಾಳೆ ಹೋದಾಗ ಒಂದೇ ಮಾತು ಕೇಳಿ: "ಈ ವಾರ ನಾನು ಒಳಗೆ ಅವಳ ಜೊತೆ ಕೂರಬಹುದಾ?" ಒಪ್ಪಿದರೆ ಮುಂದುವರಿಸಿ. "ತಾಯಂದಿರು ಒಳಗೆ ಬಂದ್ರೆ ಮಕ್ಕಳು ಕೆಡ್ತಾರೆ" ಅಂತ ಗೇಟಿನಲ್ಲೇ ನಿಲ್ಲಿಸಿದರೆ, ಆಗ ಬಿಡಿಸಿ. ಬೇರೆ ಜಾಗ ಹುಡುಕಲು ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅವರನ್ನು ಹಿಡಿಯಿರಿ. ಅವರು ಸಿಗದಿದ್ದರೆ ಚಿಂತಾಮಣಿ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಎಂಆರ್‌ಡಬ್ಲ್ಯು, ಅಂದರೆ ತಾಲ್ಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರು, ಯಾರು ಅಂತ ವಿಚಾರಿಸಿ. ಹೋಗುವಾಗ ಮಗಳ ಕಾರ್ಡಿನ ಜೆರಾಕ್ಸ್ ಜೊತೆಗೆ ಆ ನೋಟ್‌ಬುಕ್ಕೂ ಇರಲಿ.