ಹೆಪ್ಪು ಕೇಳಲು ಬಂದ ಹುಡುಗಿ

ಪ್ರಶ್ನೆ: ನನಗೆ 62 ವರ್ಷ. ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಯಜಮಾನರು ತೀರಿಕೊಂಡ ಮೇಲೆ ಹೈದರಾಬಾದಿನಲ್ಲಿರುವ ಮಗ ಮೊಬೈಲ್ ಕೊಡಿಸಿ, ಯೂಟ್ಯೂಬಿನಲ್ಲಿ ಪ್ರವಚನ ಕೇಳುವುದನ್ನು ಕಲಿಸಿದ. ಈಗ ಬೆಳಗಿನ ಜಾವದಿಂದ ರಾತ್ರಿಯವರೆಗೂ ಕೇಳುತ್ತೇನೆ. ಸತ್ಸಂಗದ ಏಳು ವಾಟ್ಸಾಪ್ ಗುಂಪುಗಳಲ್ಲಿಯೂ ಇದ್ದೇನೆ. ಆದರೆ ಇಷ್ಟಲಿಂಗ ಪೂಜೆಗೆ ಕುಳಿತರೆ ಮನಸ್ಸು ಮೊಬೈಲಿನ ಕಡೆಗೇ ಓಡುತ್ತದೆ. ಕಳೆದ ತಿಂಗಳು ಜ್ವರ ಬಂದು ಮಲಗಿದ್ದಾಗಲೂ ಎಂದಿನಂತೆ ಶುಭೋದಯದ ಚಿತ್ರ ಕಳಿಸಿದೆ. ಎಷ್ಟೋ ಜನ ಕೈಮುಗಿದ ಗುರುತು ಹಾಕಿದರು, ಹೇಗಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯ ಹುಡುಗಿ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಾಗಲೇ ನನ್ನ ಸ್ಥಿತಿ ಹೊರಗೆ ತಿಳಿದದ್ದು. ಇಷ್ಟು ದಿನ ನಾನು ಮಾಡಿದ್ದು ಭಕ್ತಿಯೇ ಅಲ್ಲವೇನು?
ಒಬ್ಬ ಓದುಗರು, ಆಳಂದ

ಉತ್ತರ: ಅಕ್ಕನವರೇ, ಶರಣು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಜಮಾನರಿಲ್ಲದ ಮನೆಯಲ್ಲಿ ಬೆಳಗಿನ ಜಾವಕ್ಕೆ ಒಂದು ದನಿ ಬೇಕೆನಿಸಿ ಪ್ರವಚನ ಹಚ್ಚಿಕೊಂಡವರ ಭಕ್ತಿಯನ್ನು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಕೇಳುವುದೂ ಸಾಧನೆಯೇ. ಆದರೆ ಕೇಳಿದ್ದು ಅನುಭಾವವಾಗುವುದಕ್ಕೆ ನಡುವೆ ಇನ್ನೊಂದು ಬೇಕಾಗುತ್ತದೆ, ಅದು ನಿಮ್ಮ ದಿನಚರಿಯಿಂದ ನಿಮಗೇ ತಿಳಿಯದಂತೆ ಜಾರಿಹೋಗಿದೆ ಎಂದು ನನಗೆ ತೋರುತ್ತದೆ.

ಮೊದಲು ಪೂಜೆಯ ಮಾತು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು ದೃಷ್ಟಿ ನಿಲ್ಲಿಸುವಾಗ ಅಲ್ಲಿ ಕಾಣುವುದು ಒಂದು ಕಪ್ಪು ಮೈ ಮತ್ತು ಅದರ ಮೇಲೆ ಬಿದ್ದ ದೀಪದ ಸಣ್ಣ ಹೊಳಪು, ಅಷ್ಟೇ. ಅದು ಬದಲಾಗುವುದಿಲ್ಲ, ಬದಲಾಗದ ಅದನ್ನು ನೋಡುತ್ತ ನೋಡುತ್ತ ನೋಡುವವರೇ ಬದಲಾಗಬೇಕೆಂಬುದು ಆ ಸಾಧನೆಯ ಮರ್ಮ. ಅದೇ ಅಂಗೈಯಲ್ಲಿ ದಿನವೆಲ್ಲ ಮೊಬೈಲ್ ಇರುತ್ತದೆ, ಅದರ ಪರದೆ ಕ್ಷಣಕ್ಕೊಂದು ರೂಪ ತಾಳುತ್ತದೆ, ಬೆರಳಾಡಿಸಿದರೆ ಸಾಕು ಹೊಸದು ಬರುತ್ತದೆ. ಆ ರೂಢಿಗೆ ಬಿದ್ದ ಕಣ್ಣು ಹದಿನೈದು ನಿಮಿಷ ಒಂದೇ ಕಡೆ ನಿಲ್ಲಲು ತಕರಾರು ಮಾಡುವುದು ಸಹಜ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಎದ್ದ ಮೇಲೆ ಪೂಜೆ ಮುಗಿಯುವವರೆಗೆ ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿಡಿ, ಮೊದಲ ಪ್ರವಚನ ಪೂಜೆಯ ನಂತರ ಆಗಲಿ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಜ್ವರದ ಸಂಗತಿ. ಮೈ ಸುಡುತ್ತಿದ್ದಾಗಲೂ ನೀವು ಶುಭೋದಯದ ಚಿತ್ರ ಕಳಿಸಿದಿರಿ. ಜ್ವರ ಬಂದಿದೆ ಎಂಬ ಎರಡು ಶಬ್ದ ಬರೆಯಲಿಲ್ಲ. ಗುಂಪಿನವರು ಕೇಳಲಿಲ್ಲ ನಿಜ, ಆದರೆ ನೀವೂ ಹೇಳಲಿಲ್ಲ. ಆಕ್ಷೇಪಿಸಬೇಕೆಂದು ಇದನ್ನು ಬರೆಯುತ್ತಿಲ್ಲ, ಅಕ್ಕನವರೇ. ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವರಿಗೆ, ಮನೆ ನಡೆಸಿದವರಿಗೆ ಕೈಚಾಚುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ. ಆದರೂ ಆ ಗುಂಪುಗಳಲ್ಲಿ ಯಾರೂ ಯಾರಿಂದಲೂ ಏನನ್ನೂ ಬೇಡುವುದಿಲ್ಲ, ಯಾರ ಕೈಯಿಂದಲೂ ಯಾರಿಗೂ ಕೆಲಸವಾಗಬೇಕಾಗಿಲ್ಲ ಎಂಬುದೇ ಅವುಗಳ ಕೊರತೆಯೆಂದು ನಾನು ತಿಳಿದಿದ್ದೇನೆ.

ನಮ್ಮ ಸೀಮೆಯ ಭಕ್ತಿ ಹಾಗೆ ಬೆಳೆದದ್ದಲ್ಲ. ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರದಲ್ಲಿ ಭೀಮಾ ಮತ್ತು ಅಮರಜಾ ನದಿಗಳ ಸಂಗಮದಲ್ಲಿ ಮಿಂದು ಬಂದವರು ಮಧ್ಯಾಹ್ನ ಜೋಳಿಗೆ ಹಿಡಿದು ಕನಿಷ್ಠ ಐದು ಮನೆಗಳ ಮುಂದೆ ನಿಂತು ಮಧುಕರಿಯೆಂಬ ಭಿಕ್ಷೆ ಬೇಡುವುದನ್ನು ನೀವು ನೋಡಿರಬಹುದು. ಅವರಲ್ಲಿ ಊರಿನಲ್ಲಿ ಹತ್ತು ಜನಕ್ಕೆ ಊಟಕ್ಕಿಕ್ಕುವ ಉಳ್ಳವರೂ ಇರುತ್ತಾರೆ. ಅಂಥವರು ಅಪರಿಚಿತರ ಹೊಸ್ತಿಲ ಮುಂದೆ ನಿಂತು, ಒಳಗಿನಿಂದ ಯಾರಾದರೂ ಬರುವವರೆಗೆ ಕಾಯುವ ಆ ಗಳಿಗೆಯಲ್ಲಿ ಒಳಗಿನ ಬಿಗುವು ಸಡಿಲುತ್ತದೆ. ನನ್ನ ದೃಷ್ಟಿಯಲ್ಲಿ ಆ ಯಾತ್ರೆಯ ಫಲವೆಲ್ಲ ಅಲ್ಲಿಯೇ ಇದೆ. ನೀಡುವ ಕೈಯೂ ಅಷ್ಟೇ ಮುಖ್ಯ. ಅರಳಗುಂಡಗಿಯ ಒಕ್ಕಲುತನದಲ್ಲಿ ಬೆಳೆದದ್ದನ್ನು ಹಸಿದವರಿಗೆ ಉಣಿಸಿ, ಮುಂದೆ ಕಲಬುರಗಿಗೆ ಬಂದು ನೆಲೆಸಿದ ಶರಣಬಸವೇಶ್ವರರು (1746–1822) ಇಂದಿಗೂ ಈ ಭಾಗದವರ ನಾಲಿಗೆಯ ಮೇಲಿರುವುದು ದಾಸೋಹದಿಂದ. ಬೀದರಿನ ನಾನಕ್ ಝಿರಾ ಗುರುದ್ವಾರದ ಲಂಗರಿನಲ್ಲಿಯೂ, ಎಂದರೆ ಬಂದವರಿಗೆಲ್ಲ ಉಣಿಸುವ ಅಡುಗೆಮನೆಯಲ್ಲಿಯೂ, ಉಂಡು ಎದ್ದವರು ತಟ್ಟೆ ತೊಳೆಯಲು, ರೊಟ್ಟಿ ಲಟ್ಟಿಸಲು ಕೂಡುತ್ತಾರೆ, ಅವರ ಹೆಸರು ಕುಲ ಯಾರೂ ಕೇಳುವುದಿಲ್ಲ.

ಆದ್ದರಿಂದ ಗುಂಪುಗಳನ್ನೆಲ್ಲ ತೊರೆಯಿರಿ ಎಂದು ನಾನು ಹೇಳುವುದಿಲ್ಲ. ಏಳರಲ್ಲಿ ನಿಮಗೆ ಮುಖಪರಿಚಯವಿರುವ ಜನರಿರುವ ಒಂದೆರಡನ್ನು ಉಳಿಸಿಕೊಳ್ಳಿ. ಪ್ರವಚನ ಬಹಳ ಹಿಡಿಸಿದ ದಿನ ಓಣಿಯ ಇಬ್ಬರು ಮೂವರನ್ನು ಕರೆದು, ಕಟ್ಟೆಯ ಮೇಲೆ ಮೊಬೈಲನ್ನು ನಡುವೆ ಇಟ್ಟು ಕೂಡಿ ಕೇಳಿ. ಮುಗಿದ ಮೇಲೆ ಬಂದ್ ಮಾಡಿ, ಕೇಳಿದ್ದರ ಬಗ್ಗೆ ಮಾತಾಡಿ, ಒಪ್ಪದಿದ್ದರೆ ವಾದವನ್ನೂ ಮಾಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬೇರೆ ಬೇರೆ ಕಾಯಕದ ಶರಣರು ಕೂಡಿದಾಗ ನಡೆದದ್ದು ಇಂಥ ಮಾತುಕತೆಯೇ, ಬರಿಯ ಶ್ರವಣವಲ್ಲ. ಅಮಾವಾಸ್ಯೆಯ ಭಜನೆ ನಿಮ್ಮ ಓಣಿಯಲ್ಲಿ ಇನ್ನೂ ನಡೆಯುತ್ತಿದ್ದರೆ ಹೋಗಿ ತಾಳ ಹಿಡಿಯಿರಿ, ದನಿ ಚೆನ್ನಾಗಿಲ್ಲವೆಂಬ ಸಂಕೋಚ ಬೇಡ. ಮಗನಿಗೆ ಫೋನ್ ಹಚ್ಚಿದಾಗ ಆರಾಮಿದ್ದೇನೆ ಎಂದು ಮುಗಿಸದೆ, ಬರುವ ಸಲ ಬಂದಾಗ ಇಂಥ ಕೆಲಸ ಮಾಡಿಕೊಡಪ್ಪಾ ಎಂದು ಏನಾದರೊಂದನ್ನು ಬೇಡಿ. ಅವನಿಗೂ ಅದು ಬೇಕಾಗಿರಬಹುದು.

ಇನ್ನು ಆ ಹುಡುಗಿ. ಹೆಪ್ಪೆಂದರೆ ಒಂದು ಚಮಚ ಮೊಸರು; ಅಂಗಡಿಯಲ್ಲಿ ಪೊಟ್ಟಣ ಸಿಗುವ ಈ ಕಾಲದಲ್ಲಿಯೂ ಅವಳ ಮನೆಯವರು ಅದನ್ನು ನಿಮ್ಮ ಮನೆಯಿಂದ ಕೇಳಿ ತರಿಸುತ್ತಾರೆಂದರೆ ನಿಮ್ಮ ಬಾಗಿಲು ಅವರಿಗೆ ಪರಕೀಯವಲ್ಲ. ಅವರ ಬಾಗಿಲಿಗೆ ನೀವು ಏನನ್ನಾದರೂ ಕೇಳಲು ಹೋದದ್ದು ಯಾವಾಗ? ಈ ವಾರ ಒಂದು ದಿನ ಮನೆಯ ಮೊಸರನ್ನೆಲ್ಲ ಮಜ್ಜಿಗೆ ಮಾಡಿಬಿಡಿ, ಹೆಪ್ಪಿಗೆಂದೂ ಉಳಿಸಬೇಡಿ. ಸಂಜೆ ಬಟ್ಟಲು ಹಿಡಿದು ಅವರ ಮನೆಗೆ ಹೋಗಿ. ಹಾಲು ಕಾಯಿಸುವ ಹೊತ್ತಿಗೆ ಎಲ್ಲರೂ ಒಳಗೇ ಇರುತ್ತಾರೆ.