ಮನೆಯ ಸಂಗೀತಕ್ಕೆ ಎಂಥ ರಿವರ್ಬ್ ಬೇಕು?

ಪ್ರಶ್ನೆ: ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ನಮ್ಮ ಮನೆಯ ಒಂದು ಕೋಣೆಯಲ್ಲಿ ದಾಸರ ಪದಗಳನ್ನು ಹಾಡಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಒಂದು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್ ಹಾಗೂ ಎರಡು ಔಟ್‌ಪುಟ್‌ಗಳ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್ ನನ್ನಲ್ಲಿವೆ. ಚೌಡಯ್ಯ ಸ್ಮಾರಕ ಭವನದಲ್ಲಿ ಹಾಡಿದಂತೆ ದನಿ ತುಂಬಿಕೊಂಡು ಕೇಳಿಸಬೇಕೆಂಬುದು ನನ್ನ ಆಸೆ. ಒಂದು ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಹಾಡಿಗೆ ಅಂಥ ಅನುರಣನ, ಅಂದರೆ ಸದ್ದು ನಿಂತ ಮೇಲೂ ಉಳಿಯುವ ಮೊಳಗು, ಸೇರಿಸುವ ಉತ್ತಮ ಗುಣಮಟ್ಟದ ರಿವರ್ಬ್ ಯಂತ್ರ ಯಾವುದು?
— ಓದುಗರು, ಮಲ್ಲೇಶ್ವರ

ಉತ್ತರ: ನಿಮ್ಮಲ್ಲಿ ಈಗಿರುವ ಸಲಕರಣೆಗಳನ್ನು ನೋಡಿದರೆ, ಪ್ರತ್ಯೇಕ ರಿವರ್ಬ್ ಯಂತ್ರವನ್ನು ಸದ್ಯಕ್ಕೆ ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಮುದ್ರಿಸಿದ ಹಾಡಿಗೆ ಹೊರಗಿನ ಯಂತ್ರದಿಂದ ರಿವರ್ಬ್ ಸೇರಿಸಬೇಕಾದರೆ, ಸ್ಪೀಕರಿಗೆ ಹೋಗುವ ಎರಡು ಔಟ್‌ಪುಟ್‌ಗಳಲ್ಲದೆ ಯಂತ್ರಕ್ಕೆ ಧ್ವನಿ ಕಳುಹಿಸಲು ಇನ್ನೂ ಒಂದೆರಡು ಔಟ್‌ಪುಟ್‌ಗಳು ಬೇಕು. ಯಂತ್ರದಿಂದ ಮರಳಿ ಬರುವ ಧ್ವನಿಗೆ ಲೈನ್ ಮಟ್ಟದ (ಮೈಕಿನದಕ್ಕಿಂತ ಬಲವಾದ ಸಂಕೇತದ) ಎರಡು ಇನ್‌ಪುಟ್‌ಗಳು ಬೇಕು. ನಿಮ್ಮ ಇಂಟರ್‌ಫೇಸಿನಲ್ಲಿ ಆ ಅನುಕೂಲ ಇಲ್ಲವಾದ್ದರಿಂದ, ಯಂತ್ರದ ಜೊತೆಗೆ ಇಂಟರ್‌ಫೇಸನ್ನೂ ಬದಲಾಯಿಸಬೇಕಾಗುತ್ತದೆ. ಸ್ಟುಡಿಯೊಗಳವರು ಮೆಚ್ಚಿಕೊಂಡಿರುವ, 2007ರಲ್ಲಿ ಬಂದ ಬ್ರಿಕಾಸ್ಟಿ ಎಂ7 ಯಂತ್ರದ ಬೆಲೆ ಅಮೆರಿಕದಲ್ಲಿಯೇ ಮೂರೂವರೆ ಸಾವಿರ ಡಾಲರ್ ಮೀರುತ್ತದೆ. ಅದು ನಿಮ್ಮ ಲೆಕ್ಕಾಚಾರದಿಂದ ಬಹಳ ದೂರ. ಕಂಪ್ಯೂಟರಿನೊಳಗೇ ಕೆಲಸ ಮಾಡುವ ತಂತ್ರಾಂಶಗಳಾದ ಪ್ಲಗಿನ್‌ಗಳ ಪೈಕಿ ಡ್ರಾಗನ್‌ಫ್ಲೈ ಉಚಿತವಾಗಿ ಸಿಗುತ್ತದೆ, ವಲ್ಹಲ್ಲಾ ವಿಂಟೇಜ್‌ವರ್ಬ್ ಐವತ್ತು ಡಾಲರಿಗೆ ಸಿಗುತ್ತದೆ. ದಾಸರ ಪದಗಳಿಗೆ ಇವೆರಡರಲ್ಲಿ ಯಾವುದಾದರೂ ಧಾರಾಳವಾಗಿ ಸಾಕು.

ಆದರೆ ಅದಕ್ಕೂ ಮೊದಲು ನಿಮ್ಮ ಕೋಣೆಯನ್ನು ಸರಿಪಡಿಸಿಕೊಳ್ಳಬೇಕು. ವಿಟ್ರಿಫೈಡ್ ಟೈಲ್ಸ್ ನೆಲ, ಬೋಳು ಗೋಡೆ, ಮೇಲೆ ಕಾಂಕ್ರೀಟ್ ತಾರಸಿ ಇರುವ ಬೆಂಗಳೂರಿನ ಹತ್ತು-ಹನ್ನೆರಡು ಅಡಿಯ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡಿ 'ಟರ್ರ್' ಎಂಬ ಕಿರುಕಂಪನ ಕೇಳಿಸಿದರೆ, ನಿಮ್ಮ ಮೈಕ್ ಅದನ್ನೂ ಹಾಡಿನ ಜೊತೆಗೆ ಹಿಡಿಯುತ್ತದೆ. ಒಮ್ಮೆ ಮುದ್ರಣದೊಳಗೆ ಸೇರಿದ ಸಣ್ಣ ಕೋಣೆಯ ಸದ್ದನ್ನು ಯಾವ ಬೆಲೆಯ ರಿವರ್ಬ್ ಕೂಡ ಮರೆಮಾಚುವುದಿಲ್ಲ. ಬದಲಿಗೆ ಅದನ್ನೇ ಹಿಗ್ಗಿಸಿ ತೋರಿಸುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗದಷ್ಟು ಅನುರಣನವಿದ್ದಾಗ, 1895ರ ಸುಮಾರಿಗೆ ಅದನ್ನು ಸರಿಪಡಿಸಲು ನಿಯುಕ್ತರಾದ ಭೌತವಿಜ್ಞಾನಿ ವ್ಯಾಲೆಸ್ ಸ್ಯಾಬಿನ್ ಅವರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ವೇಳೆ ಹೊತ್ತು ತಂದು, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಕೋಣೆ ದೊಡ್ಡದಾದಷ್ಟೂ ಅನುರಣನ ಉದ್ದವಾಗುತ್ತದೆ, ಸದ್ದನ್ನು ಹೀರುವ ವಸ್ತು ಹೆಚ್ಚಿದಷ್ಟೂ ಅದು ಗಿಡ್ಡವಾಗುತ್ತದೆ ಎಂಬ ಸೂತ್ರ ಆ ಕೆಲಸದಿಂದಲೇ ಬಂದದ್ದು. ನೀವು ಮಾಡಬೇಕಾದದ್ದೂ ಹೆಚ್ಚುಕಡಿಮೆ ಅದನ್ನೇ. ನೆಲಕ್ಕೆ ದಪ್ಪ ಜಮಖಾನ ಹಾಸಿ, ನೀವು ಹಾಡುವಾಗ ನಿಮ್ಮ ಬೆನ್ನ ಹಿಂದೆ ಬರುವಂತೆ ಹತ್ತಿಯ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪಕ್ಕದ ಗೋಡೆಗೆ ಪುಸ್ತಕದ ಕಪಾಟನ್ನು ಸರಿಸಿ. ಬಾಯಿಯಿಂದ ಮೈಕ್ ಒಂದು ಗೇಣಿನಷ್ಟು ದೂರದಲ್ಲಿರಲಿ.

ಇನ್ನು ಗುಣಮಟ್ಟದ ವಿಚಾರ. ಡಿಜಿಟಲ್ ರಿವರ್ಬ್‌ನ ಒಳಗೆ, ಬಂದ ಧ್ವನಿಯನ್ನು ಬೇರೆ ಬೇರೆ ಅಳತೆಯ ಅನೇಕ ವಿಳಂಬಗಳಲ್ಲಿ ಸುತ್ತಿಸಿ, ಪ್ರತಿ ಸುತ್ತಿಗೂ ಅಷ್ಟಷ್ಟು ತಗ್ಗಿಸುತ್ತಾ ಹೋಗುತ್ತಾರೆ. ಈ ವಿಳಂಬಗಳ ಹೆಣಿಗೆ ತೆಳುವಾಗಿದ್ದರೆ ಬಾಲದಲ್ಲಿ, ಅಂದರೆ ಮೂಲ ಸದ್ದು ನಿಂತ ಮೇಲೆ ಕ್ರಮೇಣ ಅಡಗುವ ಮೊಳಗಿನಲ್ಲಿ, ತಗಡಿನ ಡಬ್ಬಿ ಮಿಡಿದಂಥ ಝಣಕು ಉಳಿಯುತ್ತದೆ. ಅದನ್ನು ಮುಚ್ಚಲು ವಿಳಂಬಗಳನ್ನು ನಿಧಾನವಾಗಿ ಹಿಗ್ಗಿಸಿ ಕುಗ್ಗಿಸುವ ಉಪಾಯವೊಂದಿದೆ. ಗುಂಡಿಯ ಮೇಲೆ ಅದಕ್ಕೆ ಮಾಡ್ಯುಲೇಶನ್ ಎಂದು ಬರೆದಿರುತ್ತದೆ. ಗಿಟಾರ್, ಕೀಬೋರ್ಡ್‌ಗಳಿಗೆ ಅದು ಹಿತವಾದ ತುಂಬನ್ನು ಕೊಡುತ್ತದೆ. ನಮ್ಮ ಸಂಗೀತದಲ್ಲಿ ಮಾತ್ರ ತಂಬೂರಿಯ ಎದುರು ನಿಶ್ಚಲವಾದ ಷಡ್ಜ ಹಿಡಿದು ನಿಲ್ಲಿಸಿದಾಗ, ಗಾಯಕರ ಶ್ರುತಿ ಶುದ್ಧವಾಗಿದ್ದರೂ ಹಿಂದಿನಿಂದ ಬರುವ ಬಾಲ ಕೂದಲೆಳೆಯಷ್ಟು ಮೇಲೆ ಕೆಳಗೆ ಅಲುಗಾಡುತ್ತದೆ, ಮತ್ತು ಕೇಳುವವರಿಗೆ ಕಾರಣ ತಿಳಿಯದೆಯೇ ಶ್ರುತಿ ಸಡಿಲವಾದಂತೆ ಅನ್ನಿಸುತ್ತದೆ. ಆದ್ದರಿಂದ ಯಾವುದನ್ನೇ ಆರಿಸುವ ಮೊದಲು ಎರಡು ಧ್ವನಿಗಳನ್ನು ಅದರ ಮೂಲಕ ಕೇಳಿ: ಮೃದಂಗದ ಒಂದೇ ಒಂದು ಚಾಪು, ಮತ್ತು ನಿಮ್ಮದೇ ಕಂಠದ ನೇರವಾದ ಷಡ್ಜ. ಚಾಪಿನ ಬಾಲದಲ್ಲಿ ಝಣಕು ಇರಬಾರದು. ಷಡ್ಜದ ಬಾಲ ಅಲುಗಾಡಬಾರದು. ಹೆಸರು, ಬೆಲೆ, ಜಾಹೀರಾತುಗಳಿಗಿಂತ ಈ ಎರಡು ಪರೀಕ್ಷೆಗಳನ್ನು ನಾನು ಹೆಚ್ಚು ನಂಬುತ್ತೇನೆ.

ಸಭಾಂಗಣದ ಧ್ವನಿ ಬೇಕೆಂಬ ನಿಮ್ಮ ಆಸೆಯ ಬಗ್ಗೆಯೂ ಒಂದು ಮಾತು. ಉದ್ದನೆಯ ಸ್ವರಗಳನ್ನು ಒಂದರ ಮೇಲೊಂದು ಪೇರಿಸುವ ಚರ್ಚಿನ ವೃಂದಗಾಯನಕ್ಕೆ ಮೂರು-ನಾಲ್ಕು ಸೆಕೆಂಡುಗಳ ಅನುರಣನ ಶೋಭಿಸುತ್ತದೆ. ತೋಡಿಯ ಗಾಂಧಾರ ಅಕ್ಕಪಕ್ಕದ ಸ್ವರಸ್ಥಾನಗಳನ್ನು ಮುಟ್ಟಿ ತೂಗುವಾಗ ಅಷ್ಟು ಉದ್ದದ ಬಾಲವಿದ್ದರೆ, ಗಮಕ ದಾಟಿ ಬಂದ ಜಾಗಗಳೆಲ್ಲವೂ ಒಟ್ಟಿಗೆ ಮೊಳಗಿ ರಾಗದ ಗೆರೆಯೇ ಕಲಸಿಹೋಗುತ್ತದೆ. ದಾಸರ ಪದದಲ್ಲಿ ಸಾಹಿತ್ಯವೂ ಮುಖ್ಯ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರವನ್ನು ನುಂಗಬಾರದು. ಆದ್ದರಿಂದ ಬಾಲದ ಉದ್ದವನ್ನು ಒಂದೂಕಾಲರಿಂದ ಒಂದೂಮುಕ್ಕಾಲು ಸೆಕೆಂಡಿನೊಳಗೆ ಇಟ್ಟುಕೊಳ್ಳಿ. ಹಾಡಿದ ಧ್ವನಿಗೂ ರಿವರ್ಬ್ ಆರಂಭಕ್ಕೂ ನಡುವಿನ ಅಂತರವನ್ನು ನಿಗದಿಪಡಿಸುವ ಪ್ರಿ-ಡಿಲೇ ಎಂಬ ಗುಂಡಿಯನ್ನು 30 ಮಿಲಿಸೆಕೆಂಡಿನ ಹತ್ತಿರ ಇರಿಸಿ. ಸದ್ದು ಅಷ್ಟು ಹೊತ್ತಿನಲ್ಲಿ ಸುಮಾರು ಹತ್ತು ಮೀಟರ್ ಸಾಗುವುದರಿಂದ, ಮೊದಲು ಅಕ್ಷರ ಸ್ಪಷ್ಟವಾಗಿ ಕೇಳಿ ಅನಂತರ ಸ್ಥಳದ ಹರವು ತೆರೆದುಕೊಳ್ಳುತ್ತದೆ. ಹಾಲ್, ರೂಮ್, ಚೇಂಬರ್, ಪ್ಲೇಟ್ ಎಂಬ ಆಯ್ಕೆಗಳಲ್ಲಿ ನಾನು ನಿಮಗೆ ಸೂಚಿಸುವುದು ಪ್ಲೇಟ್. ಇದು 1957ರಲ್ಲಿ ಜರ್ಮನಿಯಲ್ಲಿ ತಯಾರಾದ ಇಎಂಟಿ 140 ಎಂಬ ಯಂತ್ರದ ಅನುಕರಣೆ. ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿದ ದೊಡ್ಡ ಉಕ್ಕಿನ ಹಾಳೆಯನ್ನು ಕಂಪಿಸುವಂತೆ ಮಾಡಿ ಧ್ವನಿ ಪಡೆಯುತ್ತಿದ್ದ ಆ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಪ್ಲೇಟ್‌ನಲ್ಲಿ ಬಿಡಿಬಿಡಿಯಾದ ಪ್ರತಿಧ್ವನಿಗಳು ಕೇಳಿಸದೆ ಆರಂಭದಿಂದಲೇ ದಟ್ಟವಾದ ಬಾಲ ಮೂಡುವುದರಿಂದ ಒಂಟಿ ಕಂಠಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ರಿವರ್ಬ್‌ನ ದಾರಿಯಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಿ, ಇಲ್ಲವಾದರೆ ಪುರುಷ ಕಂಠದ ಮಂದ್ರ ಗುಂಯ್‌ಗುಟ್ಟುತ್ತದೆ.

ಪ್ರಶ್ನೆ: ಅಮೆರಿಕದಿಂದ ಬಂದ ಸಂಬಂಧಿಕರೊಬ್ಬರು ತಮ್ಮ ಹಳೆಯ ಲೆಕ್ಸಿಕಾನ್ ಸಂಸ್ಥೆಯ ರಿವರ್ಬ್ ರ‍್ಯಾಕ್ ಯಂತ್ರವನ್ನು ಕಡಿಮೆ ಬೆಲೆಗೆ ಕೊಡುತ್ತೇನೆನ್ನುತ್ತಿದ್ದಾರೆ. ನಮ್ಮ ಭಜನಾ ಮಂಡಳಿಯಲ್ಲಿ ಮಿಕ್ಸರ್ ಇದೆ, ಕಂಪ್ಯೂಟರ್ ಇಲ್ಲ. ತೆಗೆದುಕೊಳ್ಳಬಹುದೇ?
— ಓದುಗರು, ಬನಶಂಕರಿ

ಉತ್ತರ: ಕಂಪ್ಯೂಟರ್ ಇಲ್ಲದೆ ನೇರವಾಗಿ ಹಾಡುವವರಿಗೆ ಯಂತ್ರ ನಿಜವಾಗಿಯೂ ಉಪಯುಕ್ತ. 1978ರಲ್ಲಿ ಬಂದ ಲೆಕ್ಸಿಕಾನ್ 224ರ ಕಾಲದಿಂದಲೂ ಆ ಸಂಸ್ಥೆಯ ರಿವರ್ಬ್‌ಗೆ ಸ್ಟುಡಿಯೊಗಳಲ್ಲಿ ಒಳ್ಳೆಯ ಹೆಸರಿದೆ; ಅದರ ಹಲವು ಪ್ರೋಗ್ರಾಮ್‌ಗಳಲ್ಲಿ ನಾನು ಮೇಲೆ ಹೇಳಿದ ಅಲುಗಾಟ ಇರುತ್ತದೆಯಾದ್ದರಿಂದ, ಆ ಗುಂಡಿ ಎಲ್ಲಿದೆಯೆಂದು ಹುಡುಕಿ ತಗ್ಗಿಸಿಕೊಳ್ಳಿ. ಎಲ್ಲಕ್ಕಿಂತ ಮೊದಲು ಯಂತ್ರದ ಹಿಂಬದಿಯ ಚೀಟಿಯನ್ನು ಓದಿ. ಅಲ್ಲಿ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಬೇಡಿ. ಸೂಕ್ತ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯ ಯಂತ್ರಗಳೊಳಗೆ ನಾವು ಉಳಿಸಿದ ಸೆಟ್ಟಿಂಗ್‌ಗಳನ್ನು ಕಾಪಾಡುವ ಬ್ಯಾಟರಿ ಇರುತ್ತದೆ. ಅದು ಸೋರಿದ್ದರೆ ಬೋರ್ಡ್ ಹಾಳಾಗಿರುವ ಸಂಭವವಿದೆ, ಆದ್ದರಿಂದ ತಿಳಿದ ಮೆಕ್ಯಾನಿಕ್‌ನಿಂದ ಮುಚ್ಚಳ ತೆಗೆಸಿ ನೋಡಿಸಿ. ಕನಿಷ್ಠ ಅರ್ಧ ಗಂಟೆ ಚಾಲೂ ಇಟ್ಟು, ಬಿಸಿಯಾದ ಮೇಲೆ ಎಡ-ಬಲ ಎರಡೂ ಬದಿಗಳನ್ನು ಬೇರೆ ಬೇರೆಯಾಗಿ ಹೆಡ್‌ಫೋನಿನಲ್ಲಿ ಕೇಳಿ.

ಜೋಡಣೆಯಲ್ಲಿ, ಮಿಕ್ಸರಿನ ಸೆಂಡ್ ಅಥವಾ ಎಫ್‌ಎಕ್ಸ್ ಎಂಬ ಔಟ್‌ಪುಟ್ ಯಂತ್ರಕ್ಕೆ ಹೋಗಬೇಕು, ಯಂತ್ರದ ಔಟ್‌ಪುಟ್ ಮಿಕ್ಸರಿನ ಸ್ಟೀರಿಯೊ ಚಾನೆಲ್‌ಗೆ ಮರಳಬೇಕು, ಮತ್ತು ಮೂಲ ಧ್ವನಿ ಬೆರೆಯದೆ ರಿವರ್ಬ್ ಮಾತ್ರ ಬರುವಂತೆ ಯಂತ್ರದ ಮಿಕ್ಸ್ ಗುಂಡಿ ಪೂರ್ತಿ ವೆಟ್‌ನಲ್ಲಿರಬೇಕು. ಮರಳಿ ಬಂದ ಚಾನೆಲ್‌ನ ಸೆಂಡ್ ಗುಂಡಿಯನ್ನು ಸೊನ್ನೆಯಲ್ಲಿಡಲು ಮರೆಯಬೇಡಿ, ಇಲ್ಲದಿದ್ದರೆ ಧ್ವನಿ ಸುತ್ತು ಹೊಡೆದು ಕೂಗಲು ತೊಡಗುತ್ತದೆ. ಹಾಗೆಯೇ, ನಿಮ್ಮ ಮಿಕ್ಸರಿನೊಳಗೇ ರಿವರ್ಬ್‌ನಂಥ ಎಫೆಕ್ಟ್ ಇದೆಯೇ ನೋಡಿಕೊಳ್ಳಿ. ಉದಾಹರಣೆಗೆ ಯಮಾಹಾ ಎಂಜಿ10ಎಕ್ಸ್‌ಯು ಮಾದರಿಯಲ್ಲಿ 24 ಎಫೆಕ್ಟ್‌ಗಳು ಇದ್ದೇ ಇವೆ. ಭಜನೆಗೆ ಅಷ್ಟೇ ಸಾಕೆನಿಸಿದರೆ ಹಣ ಉಳಿಯಿತು.

ಪ್ರಶ್ನೆ: ಮಗಳ ವೀಣಾವಾದನವನ್ನು ಮುದ್ರಿಸುವಾಗಲೇ ರಿವರ್ಬ್ ಹಾಕಬೇಕೇ, ಆಮೇಲೆ ಹಾಕಬೇಕೇ?
— ಓದುಗರು, ವಿಜಯನಗರ

ಉತ್ತರ: ಆಮೇಲೆ. ಮುದ್ರಣದಲ್ಲಿ ಸೇರಿಹೋದ ರಿವರ್ಬನ್ನು ಸ್ವಚ್ಛವಾಗಿ ತೆಗೆದುಹಾಕುವುದು ಬಹಳ ಕಷ್ಟ. ನುಡಿಸುವಾಗ ಬರಿಯ ಧ್ವನಿ ಸಪ್ಪೆಯೆನಿಸಿ ಮಗುವಿಗೆ ಉತ್ಸಾಹ ಕುಂದುತ್ತಿದ್ದರೆ, ಅವಳ ಹೆಡ್‌ಫೋನಿಗೆ ಮಾತ್ರ ಸ್ವಲ್ಪ ರಿವರ್ಬ್ ಕೊಟ್ಟು, ಮುದ್ರಣವನ್ನು ಶುಷ್ಕವಾಗಿಯೇ ಇಟ್ಟುಕೊಳ್ಳಿ. ತಂಬೂರಿ ಅಥವಾ ಶ್ರುತಿಪೆಟ್ಟಿಗೆಯನ್ನು ಪ್ರತ್ಯೇಕ ಟ್ರ್ಯಾಕಿನಲ್ಲಿ ಮುದ್ರಿಸಿ, ಅದಕ್ಕೆ ರಿವರ್ಬ್ ಹಾಕಲೇಬೇಡಿ. ಎಡೆಬಿಡದೆ ಮೊಳಗುವ ಆ ನಾದ ರಿವರ್ಬ್‌ಗೆ ಹೋದರೆ ಮಂಜಿನಂತೆ ಕವಿದು, ವೀಣೆಯ ಮೀಟಿನ ಅಂಚು ಮಸುಕಾಗುತ್ತದೆ.