ಸಿಲಿಂಡರ್‌ನ್ಯಾಗ ನೀರಿಲ್ರಿ, ಸುಮ್ನ ಅಲ್ಲಾಡಸಬ್ಯಾಡ್ರಿ

ಥಂಡಿ ಬಿತ್ತಂದ್ರ ಸಾಕು, ಇದೇ ಪ್ರಶ್ನೆ ಬರ್ತಾವ. ಹ್ವಾದ ವರ್ಷನೂ ಉತ್ತರ ಕೊಟ್ಟಿದ್ದೆ, ಯಾರೂ ಓದಿಲ್ಲ ಅನಸ್ತದ. ಅದಕ್ಕ ಈ ಸಲ ಹೆಚ್ಚಿನ ಜಾಗ ಎಲ್ಲಾ ಒಂದಕ್ಕೇ, ಉಳಿದವ್ರಿಗೆ ಕಡೀಗೆ ಒಂದೆರಡು ಮಾತು, ಸಿಟ್ಟಾದ್ರ ಆಗ್ಲಿ.

ಪ್ರಶ್ನೆ: ನಾವು ಬೀದರ್‌ದವ್ರು ಸರ್. ಸಿಲಿಂಡರ್ ಅಲ್ಲಾಡ್ಸಿದ್ರ ಒಳಗ ನೀರಿನ ಸಪ್ಪಳ ಬರ್ತದ, ಹೊರಗ ತಳಕ್ಕೂ ನೀರು ನಿಂತಿರ್ತದ. ನೀರು ಬೆರೆಸಿ ಕೊಡ್ತಾರಂತ ಓಣ್ಯಾಗ ಎಲ್ಲಾರೂ ಅಂತಾರ. ಬಿಸಿನೀರಿನ ಟಬ್‌ನ್ಯಾಗ ಇಟ್ರ ಉಳಿದ ಗ್ಯಾಸ್ ಪೂರಾ ಬರ್ತದಂತ ವೀಡಿಯೋ ನೋಡಿದೆ, ಮಾಡ್ಲೇನು?

ಉತ್ತರ: ಬ್ಯಾಡ್ರಿ ಅಕ್ಕೋರೆ. ಮೊದ್ಲು ಸಪ್ಪಳದ ಮಾತು. ಅದು ನೀರಲ್ಲ, ಗ್ಯಾಸೇ, ಒತ್ತಿ ದ್ರವ ಮಾಡಿ ತುಂಬಿದ್ದು. 14.2 ಕೆಜಿ ಗ್ಯಾಸ್ ಹಂಗೇ ಗಾಳಿ ರೂಪದಾಗ ಕೊಡ್ತೀನಂದ್ರ ಒಂದು ಸಣ್ಣ ಬಚ್ಚಲಮನಿ ಅಷ್ಟು ಜಾಗ ಬೇಕಾಗ್ತದ, ಯಾರು ಹೊತ್ತು ತರ್ತಾರ?

ಒಳಗ ಇರೋದು ಪ್ರೊಪೇನ್, ಬ್ಯುಟೇನ್. ಬಯಲಾಗ ಇಟ್ರ ಪ್ರೊಪೇನ್ ಮೈನಸ್ 42 ಡಿಗ್ರಿಗೇ ಕುದೀತದ, ಬ್ಯುಟೇನ್ ಮೈನಸ್ ಅರ್ಧ ಡಿಗ್ರಿಗೆ. ಕುದಿಯೋದಂದ್ರ ಬಿಸಿ ಇರಲೇಬೇಕಂತ ತಿಳ್ಕೊಂಡೇವಲ್ಲ, ಗಡಬಡ ಆಗೋದು ಅಲ್ಲೇ. ದ್ರವದ ಆವಿ ಒತ್ತಡ, ಅಂದ್ರ ಆವಿಯಾಗಿ ಏಳ್ಲಾಕ ಅದು ತಳ್ಳೋ ಜೋರು, ಅದರ ಮ್ಯಾಲಿನ ಒತ್ತಡಕ್ಕ ಸಮ ಆಯ್ತೋ ಕುದೀತದ, ಅಷ್ಟೇ. ರೆಗ್ಯುಲೇಟರ್ ಬಂದ್ ಇದ್ದಾಗ ಮ್ಯಾಲಿನ ಗ್ಯಾಸೇ ದ್ರವನ ಒತ್ತಿ ಹಿಡದಿರ್ತದ, ನೀವು ಒಲಿ ಹಚ್ಚಿದ್ರಿ, ಮ್ಯಾಲಿನ ಗ್ಯಾಸ್ ಹೋಯ್ತು, ಒತ್ತಡ ಇಳೀತು, ಕೆಳಗಿಂದು ಕುದಿಲಾಕ ಶುರು, ಆದ್ರ ಅದಕ್ಕ ಶಾಖ ಬೇಕಲ್ಲ, ತಳಕ್ಕ ಬೆಂಕಿ ಇಲ್ಲ, ಅದಕ್ಕ ಸಿಲಿಂಡರ್ ಕಬ್ಬಿಣದಿಂದ, ಸುತ್ತಲಿನ ಗಾಳಿಯಿಂದ ಕಸಗೊಂತದ. ಸಿಲಿಂಡರ್ ಥಂಡ್ ಆಗ್ತದ, ಗಾಳ್ಯಾಗಿನ ತೇವ ಬಂದು ಹನಿ ಕಟ್ತದ. ನಿಮ್ಮ ತಳದಾಗಿನ ನೀರು ಅದೇ.

ಕಡೀಗೆ ಉರಿ ಸಣ್ಣಾಗೋದೂ ಮೋಸ ಅಲ್ಲ. ಪ್ರೊಪೇನ್ ಲಗೂ ಏಳ್ತದ, ಹಂಗಾಗಿ ಮೊದ್ಲು ಹೆಚ್ಚು ಹೋಗೋದು ಅದೇ, ತಳದಾಗ ಉಳಿಯೋದು ಬ್ಯುಟೇನೇ ಜಾಸ್ತಿ. ಬೀದರ್ ಥಂಡ್ಯಾಗ ಮುಂಜಾನಿ ಅದರ ಒತ್ತಡ ಕಮ್ಮಿ ಇರ್ತದ. ಸ್ವಲ್ಪ ಹೊತ್ತು ಬಂದ್ ಮಾಡಿ ಬಿಡ್ರಿ, ಕ್ವಾಣಿ ಗಾಳಿಯಿಂದ ಶಾಖ ತಗೊಂಡು ಮತ್ತ ಏಳ್ತದ.

ಬಿಸಿನೀರು ಬ್ಯಾಡ ಅನ್ನೋದ್ಯಾಕಂದ್ರ ಶಾಖ ಕೊಟ್ರ ಒಳಗ ಒತ್ತಡ ಏರ್ತದ, ಎಷ್ಟು ಏರ್ತು ಅಂತ ನೋಡ್ಲಿಕ್ಕೆ ನಿಮ್ಮ ಹತ್ರ ಮೀಟರ್ ಇಲ್ಲ, ಇವತ್ತು ಬಿಸಿನೀರು ಹಾಕಿದವ್ರು ನಾಳೆ ಒಲಿ ಬಾಜೂಕ ತಂದಿಡ್ತಾರ, ನನಗ ಗೊತ್ತದ. ಅಡ್ಡ ಮಲಗಿಸೋದಂತೂ ಇನ್ನೂ ಕೆಟ್ಟದು, ಗ್ಯಾಸ್ ಬದ್ಲಿ ದ್ರವನೇ ಪೈಪಿಗೆ ಬರ್ತದ, 1 ಲೀಟರ್ ದ್ರವ ಹೊರಗ ಬಂದ್ರ ಸುಮಾರು 250 ಲೀಟರ್ ಗ್ಯಾಸ್ ಆಗ್ತದ, ಉರಿ ಛಾವಣಿಗೆ ಹೋಗ್ತದ. ಆ ವೀಡಿಯೋ ಮಾಡಿದವನಿಗೆ ವ್ಯೂಸ್ ಬೇಕು, ನಿಮ್ಮ ಮನಿ ಸುಟ್ರ ಅವ ನೋಡ್ಲಾಕೂ ಬರಂಗಿಲ್ಲ.

ಡೌಟ್ ಇದ್ರ ತಂದವನ ಮುಂದೇ ತೂಕ ಮಾಡಸ್ರಿ, ಖಾಲಿ ತೂಕ ಸಿಲಿಂಡರ್ ಮ್ಯಾಲೇ ಬರದಿರ್ತದ, ಅದಕ್ಕ 14.2 ಕೂಡಸ್ರಿ. ನಡುವ ಎಷ್ಟು ಉಳದದ ನೋಡಬೇಕಂದ್ರ ಹಸಿ ಬಟ್ಟಿಲಿ ಒರಸ್ರಿ, ದ್ರವ ಇರೋ ಕಡೆ ತಡ ಮಾಡಿ ಆರ್ತದ. ವಾಸನಿ ಬಂದ್ರ ಮಾತ್ರ ಈ ವಿಜ್ಞಾನ ಎಲ್ಲಾ ಬಿಟ್ಟುಬಿಡ್ರಿ. ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕ ಹರಡ್ತದ, ಲೈಟ್ ಸ್ವಿಚ್ ಮುಟ್ಟಬ್ಯಾಡ್ರಿ, ಬಾಗಿಲು ಕಿಟಕಿ ತಗದು ಹೊರಗ ಬಂದು 1906ಕ್ಕ ಫೋನ್ ಮಾಡ್ರಿ.

ಪ್ರಶ್ನೆ: ಉಪ್ಪು ಹಾಕಿದ್ರ ನೀರು ಲಗೂ ಕುದೀತದಂತ?

ಉತ್ತರ: ಉಲ್ಟಾ ರೀ. ಲೀಟರ್‌ಗೆ 10 ಗ್ರಾಂ ಹಾಕಿದ್ರ ಕುದಿಬಿಂದು ಸುಮಾರು 0.2 ಡಿಗ್ರಿ ಏರ್ತದ. ರುಚಿಗೆ ಹಾಕ್ರಿ, ಸಾಕು.

ಪ್ರಶ್ನೆ: ಉರಿ ಜೋರ್ ಮಾಡಿದ್ರೂ ತೊಗರಿಬ್ಯಾಳಿ ಲಗೂ ಬೇಯವಲ್ದು, ಯಾಕ? (ಕಲಬುರಗಿ)

ಉತ್ತರ: ನಮ್ಮೂರಿನ ಎತ್ತರಕ್ಕ ನೀರು ಸುಮಾರು 98.5 ಡಿಗ್ರಿಗೆ ಕುದ್ದು ಅಲ್ಲೇ ನಿಲ್ತದ, ಜೋರ್ ಉರಿಗೆ ನೀರಷ್ಟೇ ಆರ್ತದ. ಕುಕ್ಕರ್ ಹಚ್ರಿ, ಅದರಾಗ 120ರ ಹತ್ರ ಹೋಗ್ತದ.

ಪ್ರಶ್ನೆ: ಮಳಿಗಾಲದಾಗ ಕೂಲರ್ ಥಂಡ್ ಕೊಡವಲ್ದು, ಮೋಟರ್ ಬದಲಸಬೇಕು ಅಂದ ಮೆಕ್ಯಾನಿಕ್. (ಯಾದಗಿರಿ)

ಉತ್ತರ: ಗಾಳ್ಯಾಗ ಮೊದ್ಲೇ ತೇವ ತುಂಬಿದ್ರ ಪ್ಯಾಡಿನ ನೀರು ಹ್ಯಾಂಗ ಆರ್ತದ್ರಿ, ಆರಲಿಲ್ಲಂದ್ರ ಥಂಡ್ ಎಲ್ಲಿಂದ? ರೊಕ್ಕ ಕೊಟ್ಟಿದ್ರ ವಾಪಸ್ ಇಸ್ಕೋರಿ.